ಕಿತ್ತಳೆ ಚುಕ್ಕೆಯ ಬೆನ್ನು ಹತ್ತಿ

ಮೊನ್ನೆ ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರ ಕೆಟ್ಟು ನಿಂತಿತು. ನೋಡಲು ಬಂದ ಮೆಕ್ಯಾನಿಕ್ ಅದರ ಹೊಟ್ಟೆಯೊಳಗೆ ಕೈ ಹಾಕಿ ತಡಕಾಡಿ, ಸುಕ್ಕುಗಟ್ಟಿ ಕಪ್ಪಾದ ಒಂದು ನಿಂಬೆಹಣ್ಣನ್ನು ಹೊರಗೆ ತೆಗೆದ. ತೆಗೆದವನೇ ಅದನ್ನು ನೆಲಕ್ಕೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಅಣ್ಣ, ನಿಮ್ಗೆ ಯಾರೋ ಮಾಟ ಮಾಡ್ಸವ್ರೆ. ಮೊದ್ಲು ದೇವಸ್ಥಾನಕ್ಕೆ ಹೋಗ್ಬನ್ನಿ. ರಿಪೇರಿ ಆಮೇಲೆ" ಎಂದ.

ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದಲೇ ನಕ್ಕಳು. "ಯಾರೂ ಮಾಡ್ಸಿಲ್ಲ ಕಣಪ್ಪಾ. ಅದು ಇವ್ರ ಪ್ಯಾಂಟ್ ಜೇಬಿಂದು. ಬೇರೆ ಗಂಡಸ್ರು ಕರ್ಚೀಫ್ ಇಟ್ಕೊಂಡಂಗೆ ಇವ್ರು ನಿಂಬೆಹಣ್ಣು ಇಟ್ಕೋತಾರೆ."

ನಿಜ. ನೀವು ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ಓದಲು ಸುಲಭವಾಗುತ್ತದೆ. ನಮ್ಮ ವಂಶಕ್ಕೆ ಬಸ್ಸು ಒಗ್ಗುವುದಿಲ್ಲ. ಕಾರೂ ಒಗ್ಗುವುದಿಲ್ಲ. ಎತ್ತಿನ ಗಾಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತರೆ ಅದೂ ಒಗ್ಗುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಕೇರಿಯಲ್ಲಿ ನೇಯ್ದ ಸೀರೆಗಳ ಗಂಟನ್ನು ನನ್ನ ಅಪ್ಪ ಬೆಂಗಳೂರಿನ ಪೇಟೆಗೆ ಒಯ್ಯುವಾಗ, ಬಸ್ಸಿನಲ್ಲಿ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಮೂಗಿನ ಕೆಳಗೆ ನಿಂಬೆಹಣ್ಣು ಹಿಡಿದು ಕೂರುತ್ತಿದ್ದರು. ಅಕ್ಕಪಕ್ಕದವರು ಇದೇನೋ ಯೋಗವೆಂದು ತಿಳಿದು ಗೌರವದಿಂದ ಜಾಗ ಬಿಡುತ್ತಿದ್ದರು. ರಾಜಾನುಕುಂಟೆ ಬರುವಷ್ಟರಲ್ಲಿ ಯೋಗ ಮುಗಿದು ಗೌರವವೂ ಮುಗಿಯುತ್ತಿತ್ತು.

ನಾನು ಅಪ್ಪನಿಗಿಂತ ಒಂದು ಕೈ ಮೇಲು. ಬೇರೆಯವರು ಊರುಗಳನ್ನು ಅಲ್ಲಿಯ ದೇವರಿಂದಲೋ ಸಂತೆಯಿಂದಲೋ ನೆನಪಿಟ್ಟುಕೊಳ್ಳುತ್ತಾರೆ. ನನಗೆ ನಮ್ಮ ಜಿಲ್ಲೆಯ ಊರುಗಳೆಲ್ಲ ನಾನು ಬಸ್ಸಿನಿಂದ ಇಳಿದ ಜಾಗಗಳಾಗಿ ನೆನಪಿವೆ. ಮಾರಸಂದ್ರ ಎಂದರೆ ಒಂದು ಮೋರಿಯ ಕಟ್ಟೆ. ಮಧುರೆ ಎಂದರೆ ಕೆರೆ ಏರಿಯ ಮೇಲಿನ ಬೇವಿನ ಮರ. ನೆಲಮಂಗಲದಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ ಹೋಗುವ ಬಸ್ಸಿನ ಕಂಡಕ್ಟರು ನನ್ನನ್ನು ಕಂಡ ಕೂಡಲೇ "ಟಿಕೆಟ್ ಎಲ್ಲಿಗೆ?" ಎಂದು ಕೇಳುತ್ತಿರಲಿಲ್ಲ, "ಇವತ್ತು ಎಲ್ಲೀತನಕ ತಡ್ಕೋತೀಯಪ್ಪಾ?" ಎಂದು ಕೇಳುತ್ತಿದ್ದರು. ಇಳಿದವನಿಗಾಗಿ ಬಸ್ಸು ಕಾಯುವುದಿಲ್ಲ. ಮುಂದಿನ ಬಸ್ಸು ಬರುವವರೆಗೆ ಕಟ್ಟೆಯ ಮೇಲೆ ಕೂತಿದ್ದು, ಅದು ಬಂದಾಗ ಹತ್ತಲು ಧೈರ್ಯ ಸಾಲದೆ, ಎಷ್ಟೋ ಸಲ ನಡೆದುಕೊಂಡು ಮನೆಗೆ ವಾಪಸು ಬಂದಿದ್ದೇನೆ.

ಮದುವೆಯ ಮಾರನೆಯ ದಿನವೂ ಅಷ್ಟೇ. ಸರೋಜಳ ತವರು ಹೊಸಕೋಟೆ ಕಡೆಯ ನಂದಗುಡಿ. ಮದುವೆ ಮುಗಿಸಿಕೊಂಡು ಊರಿಗೆ ಮರಳುವಾಗ ಬಸ್ಸಿನ ತುಂಬ ನೆಂಟರು, ಮುಂದಿನ ಸೀಟಿನಲ್ಲಿ ಪೇಟ ಸುತ್ತಿದ ನಾನು, ಪಕ್ಕದಲ್ಲಿ ತಲೆ ಬಗ್ಗಿಸಿ ಕೂತ ಸರೋಜ. ಸೂಲಿಬೆಲೆ ದಾಟುವಷ್ಟರಲ್ಲಿ ನಾನು ಡ್ರೈವರನ ಬೆನ್ನು ತಟ್ಟಿದೆ. ಹುಣಸೆಮರದ ಕೆಳಗೆ ಬಸ್ಸು ನಿಂತಿತು. ಮದುಮಗ ಇಳಿದ. ಮದುಮಗಳು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೀರಿನ ಚೊಂಬು ಹಿಡಿದು ಹಿಂದೆಯೇ ಇಳಿದಳು. ನಮ್ಮಿಬ್ಬರ ಮೊದಲ ಏಕಾಂತ ಅದು. ಅವಳು ನನ್ನೊಡನೆ ಆಡಿದ ಮೊದಲ ಮಾತು, "ಎಲ್ಲಾ ಆಯ್ತಾ, ಇನ್ನೂ ಇದ್ಯಾ?"

ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ಒಬ್ಬಳೇ ಮಗಳು ಪವಿತ್ರ ಸಮುದ್ರದ ಮೇಲೆ ಹಾಯಿದೋಣಿ ನಡೆಸುತ್ತಾಳೆ ಎಂದರೆ ನೀವು ನಂಬುವುದಿಲ್ಲ. ನಾನೇ ಬಹಳ ದಿನ ನಂಬಿರಲಿಲ್ಲ. ಅವಳು ಬೆಂಗಳೂರಿನ ಕಾಲೇಜಿಗೆ ಸೇರಿದಾಗ ಅಲ್ಲಿ ನೌಕಾ ಕೆಡೆಟ್ ಎಂಬ ಒಂದು ದಳವಿತ್ತು. ಬಿಳಿ ಯೂನಿಫಾರಂ ಚೆನ್ನಾಗಿದೆ ಎಂದು ಸೇರಿಕೊಂಡಳು. ಭಾನುವಾರಗಳಲ್ಲಿ ಯಾವುದೋ ಕೆರೆಯಲ್ಲಿ ದೋಣಿ ಕಲಿಸುತ್ತಾರೆ ಎಂದಳು. ನಾನು ಆ ಕೆರೆಯ ದೋಣಿಯನ್ನು ಪಾರ್ಕುಗಳಲ್ಲಿ ಇರುವಂಥದ್ದು ಎಂದುಕೊಂಡಿದ್ದೆ, ಹಂಸದ ಕತ್ತು ಇರುವ, ಕಾಲಲ್ಲಿ ತುಳಿಯುವ ದೋಣಿ. ಓದು ಮುಗಿಸಿ ಯಲಹಂಕದ ಹತ್ತಿರದ ಶಾಲೆಯಲ್ಲಿ ಆಟದ ಟೀಚರಾದ ಮೇಲೂ ಅವಳು ಕೆರೆ ಬಿಡಲಿಲ್ಲ. ದೋಣಿ ಕಲಿಸಿದ ಮೇಡಂ ಹೆಣ್ಣುಮಕ್ಕಳದೇ ಒಂದು ತಂಡ ಕಟ್ಟಿ ಕಡಲಿಗೆ ಇಳಿಸುತ್ತೇನೆ ಎಂದಾಗ ಮೊದಲು ಕೈ ಎತ್ತಿದವಳು ನಮ್ಮ ಪವಿತ್ರ.

ಹಿಂದಿನ ವರ್ಷ ಮಂಗಳೂರಿನ ಹತ್ತಿರ ಅಭ್ಯಾಸಕ್ಕೆಂದು ಕಡಲಿಗೆ ಹೋದರು. ಕೆರೆಯ ನೀರಿಗೆ ಮೈ ಕುಲುಕುವ ಬುದ್ಧಿ ಇಲ್ಲ, ಕಡಲಿಗೆ ಅದು ಬಿಟ್ಟರೆ ಬೇರೆ ಕೆಲಸವಿಲ್ಲ. ನಮ್ಮ ವಂಶ ಎಚ್ಚರವಾಯಿತು. ಅರ್ಧ ದಿನ ತಡೆದುಕೊಂಡಳಂತೆ. ಆಮೇಲೆ ಮೇಡಂ ಒಂದು ಮೀನಿನ ದೋಣಿಯನ್ನು ಕೂಗಿ ಕರೆದು ಅವಳನ್ನು ದಡಕ್ಕೆ ಕಳಿಸಿಬಿಟ್ಟರು. ಅಲ್ಲಿಂದ ಬಸ್ಸಿನಲ್ಲಿ ಒಬ್ಬಳೇ ಮನೆಗೆ ಬಂದಳು. ನಮ್ಮ ಮನೆಯ ಕೆಳಗೆ ನಾಲ್ಕು ವಿದ್ಯುತ್ ಮಗ್ಗಗಳಿವೆ. ಬಂದವಳು ಚೀಲವನ್ನೂ ಇಳಿಸದೆ ಎರಡು ಮಗ್ಗಗಳ ನಡುವಿನ ಮಣೆಯ ಮೇಲೆ ಕೂತಳು. ನಾನು ಹತ್ತಿರ ಹೋದಾಗ ಆ ಸದ್ದಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು, "ನಿನ್ ರಕ್ತ ಕಣಪ್ಪ. ಏನ್ ಮಾಡೋಕಾಗುತ್ತೆ?"

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೂ ಸಿಟ್ಟು ಬಂದು ಸರಿಹೋಗುತ್ತಿತ್ತು. ಮಗಳಿಗೆ ಸೈಟು ಕೊಡಲಾಗದ, ಒಡವೆ ಕೊಡಲಾಗದ ಅಪ್ಪಂದಿರು ಬಹಳ ಇದ್ದಾರೆ. ಕೊಡಬಾರದ್ದನ್ನು ಕೊಟ್ಟುಬಿಟ್ಟೆನಲ್ಲ ಎಂದು ನನಗೆ ನಿಜವಾಗಿ ನೋವಾಯಿತು.

ಈ ವರ್ಷ ಮತ್ತೆ ಕರೆ ಬಂತು. ಈ ಸಲ ಅಭ್ಯಾಸವಲ್ಲ, ಪಂದ್ಯವೇ. ಕೊಚ್ಚಿಯಲ್ಲಿ ಹೊರಟು ಕರಾವಳಿಯ ಉದ್ದಕ್ಕೂ ಬಂದು ಗೋವಾ ಮುಟ್ಟಬೇಕು. ಮೇಡಂ ಸೇರಿ ಐದು ಜನ. ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದ್ದರಂತೆ, ಇನ್ನೊಂದು ಸಲ ನಡುವೆ ಇಳಿಯುವುದಾದರೆ ತಂಡದಲ್ಲಿ ಜಾಗವಿಲ್ಲ, ಕೆರೆಯಲ್ಲೇ ಇರು ಎಂದು.

ಪವಿತ್ರ ತಯಾರಿ ಶುರು ಮಾಡಿದಳು. ಮಹಡಿಯಲ್ಲಿ ಒಂದು ಹಲಗೆಯ ಕೆಳಗೆ ನೂಲಿನ ಉರುಳೆ ಇಟ್ಟು ಅದರ ಮೇಲೆ ನಿಂತು ಓಲಾಡುತ್ತ ಹಲ್ಲುಜ್ಜುತ್ತಿದ್ದಳು. ಸಂಜೆ ನನ್ನ ಭಾವಮೈದ ನಾಗರಾಜನ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು, ಅವನು ಬೇಕೆಂದೇ ಹಂಪುಗಳ ಮೇಲೆ ಹಾರಿಸುತ್ತಿದ್ದರೆ, ಪೇಪರು ಓದುತ್ತಿದ್ದಳು. ಕಾರು ಮನೆಯ ಮುಂದೆ ನಿಂತಾಗ ನಾನು ಅವಳ ಮುಖ ನೋಡುತ್ತಿದ್ದೆ. ಮೊದಮೊದಲು ಅದು ಹಸಿರಾಗಿರುತ್ತಿತ್ತು. ಕೊನೆಕೊನೆಗೆ ಸಂಪಾದಕೀಯದವರೆಗೂ ಓದಿಕೊಂಡು ಬರುತ್ತಿದ್ದಳು. ನನಗೆ ಅದನ್ನು ನೋಡಿಯೇ ಹೊಟ್ಟೆ ತೊಳಸುತ್ತಿತ್ತು.

ನಾಗರಾಜನ ವಿಷಯ ಸ್ವಲ್ಪ ಹೇಳಬೇಕು. ಸರೋಜಳ ತಮ್ಮ. ಮೊದಲು ನಂದಗುಡಿಯಿಂದ ತರಕಾರಿ ಲಾರಿ ಓಡಿಸುತ್ತಿದ್ದ. ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಟ್ಯಾಕ್ಸಿ ತೆಗೆದುಕೊಂಡು ನಮ್ಮ ಕೇರಿಯಲ್ಲೇ ಮನೆ ಮಾಡಿದ. ಆ ಹೊಸದರಲ್ಲಿ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ವಿಮಾನ ನಿಲ್ದಾಣದ ಕಾಂಪೌಂಡಿನ ಹೊರಗೆ ರಸ್ತೆ ಬದಿಯಲ್ಲಿ ನಿಲ್ಲಿಸಿದ್ದು ನೆನಪಿದೆ. ಆಗೆಲ್ಲ ಸುತ್ತಮುತ್ತಲ ಊರಿನ ಜನ ಚುರುಮುರಿ ಕಟ್ಟಿಸಿಕೊಂಡು ವಿಮಾನ ನೋಡಲು ಬರುತ್ತಿದ್ದರು. ತಲೆಯ ಮೇಲೇ ಒಂದು ದೊಡ್ಡ ವಿಮಾನ ಇಳಿದು ಹೋದಾಗ ನನ್ನ ಅಮ್ಮ ಕೈ ಮುಗಿದು, ಅದು ಕಣ್ಮರೆಯಾದ ಮೇಲೆ ನನ್ನತ್ತ ತಿರುಗಿ, "ಲೇ, ಇದ್ರಲ್ಲಿ ಅರ್ಧಕ್ಕೆ ಇಳಿಯೋಂಗಿಲ್ಲ ಅಲ್ವೇನ್ಲಾ? ನಿಂಗೆ ಆಗಲ್ಲ ಬಿಡು" ಎಂದಿದ್ದಳು.

ನಾಗರಾಜನಿಗೆ ಮೊಬೈಲಿನಲ್ಲಿ ವಿಮಾನಗಳನ್ನು ನೋಡುವ ಚಟ. ಯಾವ ವಿಮಾನ ಎಲ್ಲಿದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡಿಕೊಂಡೇ ಅವನು ಊಟಕ್ಕೆ ಕೂರುವುದು. ಹೀಗಾಗಿ, ಪಂದ್ಯದ ದೋಣಿಗಳನ್ನೂ ಮೊಬೈಲಿನ ನಕ್ಷೆಯಲ್ಲಿ ನೋಡಬಹುದು ಎಂದು ಪವಿತ್ರ ಹೇಳಿ ಹೋದಾಗ ಆ ಖಾತೆ ತನ್ನಿಂತಾನೇ ಅವನ ಪಾಲಾಯಿತು. ನಮ್ಮ ಟಿವಿಗೆ ಏನೋ ತಂತಿ ಸಿಕ್ಕಿಸಿ ನಕ್ಷೆಯನ್ನು ದೊಡ್ಡದಾಗಿ ಕಾಣಿಸಿದ. ನೀಲಿ ಕಡಲು, ಬಲಗಡೆ ದಡ, ಕಡಲಲ್ಲಿ ಬಣ್ಣಬಣ್ಣದ ಚುಕ್ಕೆಗಳು. ನಮ್ಮದು ಕಿತ್ತಳೆ ಬಣ್ಣದ್ದು. ಪಂದ್ಯ ಬಿಟ್ಟು ದಡಕ್ಕೆ ಹೋದ ದೋಣಿಯ ಚುಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ನಮಗೆ ಬೇಕಾಗಿದ್ದದ್ದು ಇಷ್ಟೇ. ಗೆಲ್ಲುವುದೂ ಬೇಡ, ಏನೂ ಬೇಡ, ಕಿತ್ತಳೆ ಚುಕ್ಕೆ ಕಿತ್ತಳೆಯಾಗಿಯೇ ಗೋವಾ ಮುಟ್ಟಬೇಕು.

ಹೊರಟ ದಿನವೇ ಮನೆಯಲ್ಲಿ ಒಂದು ತಗಾದೆ ಎದ್ದಿತು. ಮನೆಯವರು ಪ್ರಯಾಣ ಹೊರಟ ಮೇಲೆ ಅವರು ಹೋದ ಊರು ಮುಟ್ಟುವವರೆಗೆ ಮನೆ ಗುಡಿಸಬಾರದು ಎಂಬುದು ಅಮ್ಮನ ಕಟ್ಟಳೆ. ಬೆಂಗಳೂರಿಗೋ ತುಮಕೂರಿಗೋ ಹೋದವರ ವಿಷಯದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಕಾಫಿ ಕುಡಿಯುವಷ್ಟರಲ್ಲಿ ಫೋನು ಬರುತ್ತಿತ್ತು, ಪೊರಕೆ ಹಿಡಿಯುತ್ತಿದ್ದೆವು. ಕೊಚ್ಚಿಯಿಂದ ಹೊರಟ ದೋಣಿ ದಿನಗಟ್ಟಲೆ ಎಲ್ಲೂ ಮುಟ್ಟುವುದಿಲ್ಲವಲ್ಲ! ನಾಲ್ಕು ಮಗ್ಗ ಓಡುವ ಮನೆಯಲ್ಲಿ ಒಂದು ಹೊತ್ತು ಗುಡಿಸದಿದ್ದರೆ ನೂಲಿನ ಜುಂಗು ಮೂಲೆಮೂಲೆಯಲ್ಲಿ ಬೆಕ್ಕಿನಂತೆ ಮಲಗುತ್ತದೆ.

ಸರೋಜ ಎರಡನೆಯ ದಿನ ಪೊರಕೆ ಎತ್ತಿದಳು. ಅಮ್ಮ ಬಾಗಿಲಲ್ಲಿ ಅಡ್ಡ ಕೂತಳು.

"ಮಗು ನೀರ್ ಮೇಲೈತೆ. ಪೊರಕೆ ಮುಟ್ಟಿದ್ರೆ ನೋಡು."

"ಅತ್ತೆ, ಅವಳು ಬರೋ ಹೊತ್ಗೆ ನಾವೇ ಈ ಜುಂಗಲ್ಲಿ ಮುಳುಗೋಗಿರ್ತೀವಿ."

ಆಗ ನಾಗರಾಜ ನಡುವೆ ಬಾಯಿ ಹಾಕಿದ. "ಅಕ್ಕ, ಕಾಸರಗೋಡು ಪಾಸಾಗವ್ಳೆ ಕಣಕ್ಕ. ಕೇರಳದ್ ಲೆಕ್ಕ ಮುಗೀತು. ನಡುಮನೆ ಒಂದು ಗುಡಿಸ್ಕೋ."

ಅಮ್ಮ ಈ ಗಡಿ ಒಪ್ಪಂದಕ್ಕೆ ಒಪ್ಪಲಿಲ್ಲ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಗುಡಿಸಬಾರದು ಎಂದು ತೀರ್ಮಾನವಾಯಿತು. ಯಾವ ಶಾಸ್ತ್ರದಲ್ಲಿ ಹೀಗಿದೆ ಎಂದು ನಾನು ಕೇಳಲಿಲ್ಲ. ಮಗಳು ಕಡಲಲ್ಲಿರುವಾಗ ಅಪ್ಪನಾದವನು ಯಾವ ಶಾಸ್ತ್ರವನ್ನೂ ಎದುರು ಹಾಕಿಕೊಳ್ಳುವುದಿಲ್ಲ.

ನಾಗರಾಜನಿಗೆ ಗೊತ್ತಿದ್ದದ್ದು ವಿಮಾನ. ಆದ್ದರಿಂದ ದೋಣಿಯನ್ನೂ ಅವನು ವಿಮಾನದ ಹಾಗೇ ಓದಿದ. ಚುಕ್ಕೆ ಜೋರಾಗಿ ಹೋದರೆ "ಟೇಕಾಫ್ ತಗೊಂಡ್ಲು" ಎನ್ನುತ್ತಿದ್ದ. ನಿಧಾನವಾದರೆ "ಹೋಲ್ಡಲ್ಲಿ ಇಟ್ಟವ್ರೆ, ಗೋವಾದಲ್ಲಿ ಜಾಗ ಖಾಲಿಯಿಲ್ಲ" ಎನ್ನುತ್ತಿದ್ದ. ನಮ್ಮೂರಿನ ಮೇಲೆ ವಿಮಾನಗಳು ಇಳಿಯಲು ಜಾಗ ಸಿಗದೆ ಗಿರಕಿ ಹೊಡೆಯುವುದನ್ನು ದಿನವೂ ನೋಡುವ ನಾವೆಲ್ಲ ತಲೆದೂಗುತ್ತಿದ್ದೆವು. ಮೊದಲ ದಿನವೇ ಅವನು ದೂರವನ್ನು ವೇಗದಿಂದ ಭಾಗಿಸಿ ಪವಿತ್ರ ಗೋವಾ ಮುಟ್ಟುವ ಹೊತ್ತನ್ನು ನಿಮಿಷದ ಸಮೇತ ಹೇಳಿದ್ದ. ಸಂಜೆಗೆ ಅದು ಬದಲಾಯಿತು, ಮಾರನೆಯ ದಿನ ಮತ್ತೆ ಬದಲಾಯಿತು. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನಮ್ಮ ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ನಾನು ಮಹಡಿ ಹತ್ತಿ, ದೊಡ್ಡಬಳ್ಳಾಪುರದಲ್ಲಿ ಗಾಳಿ ಬೀಸಿದಾಗಲೆಲ್ಲ ಮಗಳಿಗೆ ಒಳ್ಳೆಯದಾಯಿತು ಎಂದು ಖುಷಿಪಡುತ್ತಿದ್ದೆ. ತಂತಿಯ ಮೇಲೆ ಒಣಗಲು ಹಾಕಿದ ಲುಂಗಿ ಪಟಪಟನೆ ಹೊಡೆದುಕೊಂಡರೆ ಕೆಳಗಿಳಿದು ಬಂದು "ಹಾಯಿ ತುಂಬ್ತು" ಎನ್ನುತ್ತಿದ್ದೆ. ನಮ್ಮ ಲುಂಗಿಗೂ ಮಲ್ಪೆಯ ಕಡಲಿಗೂ ನಡುವೆ ಒಂದಿಡೀ ರಾಜ್ಯ ಇದೆ ಎಂಬುದು ಆ ಉತ್ಸಾಹದಲ್ಲಿ ಮರೆತುಹೋಗುತ್ತಿತ್ತು.

ಇನ್ನೊಂದು ಗಾಬರಿ. ಕಿತ್ತಳೆ ಚುಕ್ಕೆ ನೆಟ್ಟಗೆ ಹೋಗುತ್ತಿರಲಿಲ್ಲ. ಒಂದಷ್ಟು ದೂರ ಕಡಲ ಕಡೆಗೆ, ಆಮೇಲೆ ತಿರುಗಿ ದಡದ ಕಡೆಗೆ, ಮತ್ತೆ ಕಡಲ ಕಡೆಗೆ. ದಾರಿ ತಪ್ಪಿದ್ದಾರೆ ಎಂದು ನಾನು ಎದೆ ಹಿಡಿದುಕೊಂಡೆ. "ಡೈವರ್ಶನ್ ಕೊಟ್ಟವ್ರೆ" ಎಂದ ನಾಗರಾಜ. ಅಮ್ಮ ಎಲೆಯಡಿಕೆ ಮೆಲ್ಲುತ್ತ, "ಮಗ್ಗದ ಲಾಳಿ ಏನ್ ನೆಟ್ಟಗೆ ಹೋಗುತ್ತೇನ್ಲಾ? ಅತ್ಲಾಗೆ ಇತ್ಲಾಗೆ ಓಡಾಡ್ತಾನೇ ಸೀರೆ ಮುಂದಕ್ಕೆ ಬರಲ್ವಾ?" ಎಂದಳು. ಎದುರುಗಾಳಿಯಲ್ಲಿ ಹಾಯಿದೋಣಿ ಹಾಗೇ ಹೋಗಬೇಕು ಎಂದು ಪವಿತ್ರ ಆಮೇಲೆ ಹೇಳಿದಳು. ಆದರೆ ಈ ಒಂದು ಮಾತು ಸರಿಹೋದದ್ದೇ ತಪ್ಪಾಯಿತು. ಅಮ್ಮ ಅಂದಿನಿಂದ ತನಗೆ ದೋಣಿಯ ವಿಷಯವೆಲ್ಲ ಗೊತ್ತು ಎಂದು ತಿಳಿದುಕೊಂಡಳು. ಹಾಯಿಗೆ ಗಂಜಿ ಹಾಕಿ ಒಣಗಿಸಿದ್ದರೆ ಇನ್ನೂ ಬಿರುಸಾಗಿ ಹೋಗುತ್ತಿತ್ತು ಎಂದು ಕೇರಿಯವರಿಗೆಲ್ಲ ಹೇಳಿದಳು.

ಕೇರಿಗೂ ಅಷ್ಟು ಹೊತ್ತಿಗೆ ಅಮಲು ಹತ್ತಿತ್ತು. ಅಂಗಡಿಗೆ ಹೋದರೆ "ಏನ್ ಗುರು, ಸ್ಕೋರ್ ಎಷ್ಟು?" ಎನ್ನುವರು. ಸ್ಕೋರ್ ಇಲ್ಲ ಮಾರಾಯ, ಹೊನ್ನಾವರದ ಹತ್ತಿರ ಇದ್ದಾರೆ ಎಂದರೆ "ಅಯ್ಯೋ, ಇನ್ನೂ ಹೊನ್ನಾವರಾನಾ? ನನ್ ಭಾಮೈದ ಲಾರೀಲಿ ಒಂದೇ ರಾತ್ರೀಲಿ ಹೋಗ್ತಾನಲ್ಲಾ" ಎನ್ನುವರು. ನಮ್ಮ ಮನೆಯಲ್ಲಿ ಯಾರು ಬಂದರೂ ಮೊದಲು ಟಿವಿಯತ್ತ ನೋಡಿ, "ಕಿತ್ಲೆ ಐತಾ?" ಎಂದು ಕೇಳಿ, ಇದೆ ಎಂದ ಮೇಲೆ ತಮ್ಮ ವಿಷಯಕ್ಕೆ ಬರುತ್ತಿದ್ದರು.

ಹಾಗಿರುವಾಗ ಮೂರನೆಯ ದಿನ ಊಟದ ಹೊತ್ತಿಗೆ ಚುಕ್ಕೆ ನಿಂತುಬಿಟ್ಟಿತು.

ನಮ್ಮದೊಂದೇ ಅಲ್ಲ, ಹತ್ತಿರವಿದ್ದ ಎಲ್ಲ ಚುಕ್ಕೆಗಳೂ ನಿಂತವು. ಗಾಳಿ ಬಿದ್ದಿತ್ತು. ನಾಗರಾಜ ಮೊಬೈಲನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ಒಂದು ಹಳದಿ ಚುಕ್ಕೆ ಬೂದಾಯಿತು. ಆಮೇಲೆ ಒಂದು ಹಸಿರು. ಬೂದಾದ ಚುಕ್ಕೆಗಳು ಇಂಜಿನ್ ಹಾಕಿಕೊಂಡು ದಡದ ಕಡೆ ಸರಸರನೆ ಹೋದವು. ಇನ್ನೊಂದು ಬೂದಾಯಿತು. ನಾವು ತಟ್ಟೆಯ ಮುಂದೆ ಕೂತಿದ್ದೆವು, ಯಾರೂ ಕೈ ಆಡಿಸಲಿಲ್ಲ.

ಆಗ ನನ್ನ ಫೋನು ಹೊಡೆದುಕೊಂಡಿತು. ಪವಿತ್ರ. ದೋಣಿ ತೇಲುತ್ತ ದಡಕ್ಕೆ ಹತ್ತಿರ ಬಂದು ಅವಳ ಮೊಬೈಲಿಗೆ ಸಿಗ್ನಲ್ ಸಿಕ್ಕಿತ್ತು. ಕೆಳಗೆ ನಾಲ್ಕೂ ಮಗ್ಗ ಓಡುತ್ತಿದ್ದವು, ನನಗೆ ಬರೀ ಗೊರಗೊರ ಕೇಳಿತು. ಕೈಸನ್ನೆ ಮಾಡಿದೆ. ಸರೋಜ ಎಂಜಲು ಕೈಯಲ್ಲೇ ಓಡಿಹೋಗಿ ಮೇನ್ ಸ್ವಿಚ್ ಎಳೆದಳು.

ನಾಲ್ಕು ಮಗ್ಗಗಳು ಒಟ್ಟಿಗೆ ನಿಂತಾಗ ಆಗುವ ಮೌನ ನಿಮಗೆ ಗೊತ್ತಿರಲಾರದು. ನಮ್ಮ ಕೇರಿಯಲ್ಲಿ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ, ಸದ್ದು ನಿಂತರೆ ಓಡಿ ಬರುತ್ತಾರೆ. ಸಾವಾದರೆ, ಶಾರ್ಟ್ ಸರ್ಕ್ಯೂಟ್ ಆದರೆ ಹಾಗೆ ನಿಲ್ಲುವುದು. ಕ್ಷಣದಲ್ಲಿ ಅಕ್ಕಪಕ್ಕದವರು ಬಾಗಿಲಲ್ಲಿ ತುಂಬಿಕೊಂಡರು. ಅವರೆಲ್ಲರ ಮುಂದೆ, ಆ ಮೌನದಲ್ಲಿ, ನನ್ನ ಮಗಳ ಧ್ವನಿ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿತು.

"ಅಪ್ಪಾ, ಗಾಳಿ ಬಗ್ಗೆ ಏನೂ ಹೇಳ್ಬೇಡ, ಪಂದ್ಯದಲ್ಲಿ ಹೊರಗಿನವ್ರು ಹೇಳಂಗಿಲ್ಲ. ಮನೆ ವಿಷ್ಯ ಮಾತಾಡ್ಬೋದು."

"ವಾಂತಿ ಆಗ್ತಿದ್ಯೇನಮ್ಮಾ?"

"ಮೊದಲ್ನೇ ದಿನ ಪೂರ್ತಿ ಆಯ್ತು. ನಿನ್ನೆಯಿಂದ ಇಲ್ಲ. ಈಗ ಸುಮ್ನೆ ತಲೆ ಸುತ್ತು, ಬಿಸ್ಲು, ಸಾಕಾಗೋಗಿದೆ ಅಪ್ಪ. ದೋಣಿ ಮುಂದಕ್ಕೆ ಹೋಗಲ್ಲ, ನಿಂತಲ್ಲೇ ಉರುಳಾಡುತ್ತೆ. ಮೇಡಂ ಎಲ್ರನ್ನೂ ಕೇಳ್ತಿದಾರೆ, ಬಿಟ್ಟು ಹೋಗೋಣ್ವಾ, ಇರೋಣ್ವಾ ಅಂತ. ಇಬ್ರು ಹೋಗೋಣ ಅಂದ್ರು. ಮೇಡಂ ಮತ್ತೆ ಇನ್ನೊಬ್ಳು ಇರೋಣ ಅಂತಾರೆ. ಉಳಿದಿರೋಳು ನಾನು."

"ಬಂದ್ಬಿಡು ಅನ್ನೋ!" ಎಂದಳು ಅಮ್ಮ ಹಿಂದಿನಿಂದ. ಸರೋಜ ನನ್ನ ತೋಳು ಹಿಡಿದಳು.

"ಹೇಳು ಅಪ್ಪ. ಇಳಿದ್ಬಿಡ್ಲಾ?"

ನನ್ನ ನಾಲಿಗೆಯ ತುದಿಯಲ್ಲಿ ಇದ್ದ ಮಾತು ಇಳಿ ಎಂಬುದೇ. ಅದು ನನಗೆ ಚೆನ್ನಾಗಿ ಬರುವ ಮಾತು. ಇಳಿಯುವ ವಿದ್ಯೆಯಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೆ ಇಳಿಯುವುದನ್ನು ಅಷ್ಟು ಬಲ್ಲವನಿಗೆ ಇಳಿದ ಮೇಲಿನದೂ ಗೊತ್ತಿರುತ್ತದಲ್ಲ. ಮಾರಸಂದ್ರದ ಮೋರಿಯೂ ಮಧುರೆಯ ಏರಿಯೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಲ್ಲಿ ನಾನು ಒಬ್ಬನೇ ಕೂತಿದ್ದೆ.

"ಇಳೀಬೇಡ ಕಣಮ್ಮ" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು. "ಇಳಿದ್ರೆ ಎರಡೇ ನಿಮಿಷ, ಎಲ್ಲಾ ಸರಿಹೋಗುತ್ತೆ. ತಲೆ ಸುತ್ತಲ್ಲ, ಹೊಟ್ಟೆ ತೊಳ್ಸಲ್ಲ. ಅಷ್ಟೊತ್ಗೆ ಬಸ್ಸು ಹೋಗ್ತಿರೋದು ಕಾಣ್ಸುತ್ತೆ. ಇನ್ನೊಂಚೂರು ತಡ್ಕೋಬೋದಿತ್ತು ಅಂತ ಆಗ ಅನ್ಸುತ್ತೆ. ಅದು ವಾಂತಿಗಿಂತ ಕಷ್ಟ ಕಣೇ. ನಂಗೊತ್ತು."

ಫೋನು ಕಟ್ಟಾಗಿತ್ತು. ನನ್ನ ಮಾತು ಎಲ್ಲಿಯವರೆಗೆ ಮುಟ್ಟಿತೋ, ಮುಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ಅಮ್ಮ ನನ್ನನ್ನು ಕೆಕ್ಕರಿಸಿ ನೋಡಿದಳು. "ದೊಡ್ ವೀರ! ಇಲ್ಲೇ ಘಾಟಿ ಗುಡಿಗೆ ಹೋಗೋಕೆ ಎರಡು ಕಡೆ ಇಳೀತಾನೆ, ಮಗೂಗೆ ಬುದ್ಧಿ ಹೇಳ್ತಾನೆ" ಎಂದು ಒಳಗೆ ಹೋಗಿ ದೇವರ ಮುಂದೆ ಕೂತಳು. ಬಾಗಿಲಲ್ಲಿ ನಿಂತಿದ್ದ ಜನ ಮನೆಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಟಿವಿಯ ಮುಂದೆ ಕೂತರು. ಮಗ್ಗಗಳನ್ನು ಮತ್ತೆ ಹಾಕಬೇಕು ಎಂದು ಯಾರಿಗೂ ನೆನಪಾಗಲಿಲ್ಲ.

ಚುಕ್ಕೆ ನಿಂತೇ ಇತ್ತು. ಕಿತ್ತಳೆಯಾಗಿ ನಿಂತೇ ಇತ್ತು. ಬಿಸಿಲು ಇಳಿಯತೊಡಗಿದಾಗ ನಾಗರಾಜ ಪರದೆಗೆ ಮೂಗು ತಾಗಿಸಿ ಕೂತಿದ್ದವನು ಸಣ್ಣ ದನಿಯಲ್ಲಿ, "ಭಾವ, ಅಲ್ಲಾಡ್ತು" ಎಂದ. ಯಾರೂ ನಂಬಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದೆವು. ಹೌದು, ಚುಕ್ಕೆ ಕಡಲ ಕಡೆಗೆ ಒಂದು ಕೂದಲೆಳೆಯಷ್ಟು ಸರಿದಿತ್ತು. ನಾನು ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ಯಾರೋ ನನ್ನ ಬೆನ್ನು ಸವರಿ, "ಬಕೆಟ್ ತರ್ಲಾ?" ಎಂದರು. ಅವರ ತಪ್ಪಿಲ್ಲ, ನನ್ನ ಮುಖ ಹಾಗಾದಾಗಲೆಲ್ಲ ಬಕೆಟ್ ತಂದೇ ಅವರಿಗೆ ಅಭ್ಯಾಸ.

ಮಾರನೆಯ ದಿನ ಹಾಲು ಬರುವ ಹೊತ್ತಿಗೆ ಅವರು ಗೋವಾ ಮುಟ್ಟಿದರು. ಮುಟ್ಟಿದ ದೋಣಿಗಳಲ್ಲಿ ಕೊನೆಯದು ಅವರದೇ. ಕೊನೆಯದು ಎಂಬ ವಿಷಯವನ್ನು ನಾಗರಾಜ ಕೇರಿಯವರಿಗೆ ಹೇಳಲೇ ಇಲ್ಲ. "ನಮ್ಮುಡುಗಿ ಸೇಫ್ ಲ್ಯಾಂಡಿಂಗ್" ಎಂದಷ್ಟೇ ಹೇಳಿ ಎಲ್ಲರಿಗೂ ಮೈಸೂರುಪಾಕು ಹಂಚಿದ.

ಪವಿತ್ರ ವಿಮಾನದಲ್ಲಿ ಬಂದಳು. ಕರೆದು ತರಲು ನಾನೂ ಹೋಗಿದ್ದೆ. ಬಿಸಿಲಿಗೆ ಕಪ್ಪಾಗಿ, ತುಟಿ ಒಡೆದು, ಅಂಗೈ ಪೂರ್ತಿ ಹಗ್ಗದ ಗಾಯ. ನನ್ನನ್ನು ತಬ್ಬಿಕೊಂಡಾಗ ಮೈಯಿಂದ ಉಪ್ಪಿನ ವಾಸನೆ ಬಂತು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ದೇವನಹಳ್ಳಿ ದಾಟುವವರೆಗೆ ಕಡಲಿನ ಕತೆಗಳನ್ನೇ ಹೇಳಿದಳು. ಆಮೇಲೆ ಅವಳೇ ಫೋನಿನ ಮಾತು ತೆಗೆದಳು.

"ಆವತ್ತು ನಿಂಗೇ ಯಾಕೆ ಫೋನ್ ಮಾಡ್ದೆ ಗೊತ್ತಾ ಅಪ್ಪ?"

"ನನ್ ಮೇಲೆ ಇರೋ ಗೌರವಕ್ಕೆ" ಎಂದೆ.

"ಇಲ್ಲ. ನಂಗೆ ಇಳೀಬೇಕಿತ್ತು. ಆದ್ರೆ ನಾನಾಗೇ ಇಳಿಯೋಕೆ ನಾಚ್ಕೆ. ಯಾರಾದ್ರೂ ಇಳಿ ಅಂದ್ರೆ ಸಾಕಿತ್ತು. ಅಮ್ಮಂಗೆ ಮಾಡಿದ್ರೆ ಅಳ್ತಾಳೆ. ಮಾವ ಭಾಷಣ ಬಿಗೀತಾನೆ. ಕಣ್ಮುಚ್ಕೊಂಡು ಇಳಿ ಅನ್ನೋನು ನೀನೊಬ್ನೇ ಅಂತ ಗ್ಯಾರಂಟಿ ಇತ್ತು. ಅದಕ್ಕೇ ಮಾಡಿದ್ದು."

ಮುಂದೆ ನಾಗರಾಜ ಕನ್ನಡಿಯಲ್ಲಿ ನನ್ನ ಮುಖ ನೋಡಿ ನಗು ತಡೆದುಕೊಂಡ. ಪವಿತ್ರ ತನ್ನ ಗಾಯದ ಕೈಯನ್ನು ನನ್ನ ಕೈ ಮೇಲಿಟ್ಟಳು.

"ನೀನೇ ಇಳೀಬೇಡ ಅಂದ್ಮೇಲೆ ಇನ್ಯಾರಪ್ಪ ಇದಾರೆ ಈ ಪ್ರಪಂಚದಲ್ಲಿ, ನಂಗೆ ಇಳಿ ಅನ್ನೋಕೆ?"

ನನ್ನ ಆಯುಸ್ಸಿನಲ್ಲಿ ನನಗೆ ಸಿಕ್ಕಿರುವ ಹೊಗಳಿಕೆಗಳು ಬಹಳ ಕಡಿಮೆ. ಇದು ಹೊಗಳಿಕೆಯೇ ಎಂದು ಸರೋಜ ಇನ್ನೂ ಒಪ್ಪಿಲ್ಲ.